ಅಹಿಂಸಾವ್ರತ ಮತ್ತು ಸೇನಾ ಭರ್ತಿಯ ತಯಾರಿ

ಅಹಿಂಸೆಯೇ ಪರಮಧರ್ಮವೆಂದು ನಂಬಿದ ಮನೆತನದ ಯುವಕ ಸೇನಾ ಭರ್ತಿಗೆ ತಯಾರಾಗಬಹುದೇ? ಜೈನ ಆಚಾರಶಾಸ್ತ್ರ ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದೆ. ಮುನಿಗಳ ಮಹಾವ್ರತದಲ್ಲಿ ಯಾವ ಹಿಂಸೆಗೂ ಎಡೆಯಿಲ್ಲ. ಗೃಹಸ್ಥರ ಅಣುವ್ರತ ಬೇರೆ. ಅಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆ ಪೂರ್ತಿ ವರ್ಜ್ಯ. ಮನೆಗೆಲಸ, ಕಸುಬುಗಳಲ್ಲಿ ಆಗುವುದನ್ನು ಆದಷ್ಟು ತಗ್ಗಿಸಬೇಕು. ದಾಳಿಯನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಅನಿವಾರ್ಯವೆಂದ ಮಾತ್ರಕ್ಕೆ ಅದು ಪುಣ್ಯವಾಗಲಿಲ್ಲ, ಇದನ್ನು ಮರೆಯಬಾರದು.

ಕನ್ನಡ ನಾಡಿನ ದೊಡ್ಡ ಉದಾಹರಣೆ ಚಾವುಂಡರಾಯ. ಗಂಗರ ದಂಡನಾಯಕನಾಗಿ ಯುದ್ಧ ಗೆದ್ದವನು, 978ರಲ್ಲಿ ಪುರಾಣ ಬರೆದವನು, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದವನೂ ಅವನೇ. ಗೆದ್ದ ಮೇಲೆ ರಾಜ್ಯವನ್ನೇ ತೊರೆದವನ ಮೂರ್ತಿಯನ್ನು ಒಬ್ಬ ಸೇನಾನಿ ಕಡೆಸಿದ್ದು ಆಕಸ್ಮಿಕವೆನಿಸುವುದಿಲ್ಲ.

ಇಂದಿನ ಅಗ್ನಿವೀರ ಅಭ್ಯರ್ಥಿಯ ತಯಾರಿಯಲ್ಲಿ ಶತ್ರು ಎಲ್ಲೂ ಕಾಣಿಸುವುದಿಲ್ಲ. ಲಿಖಿತ ಪರೀಕ್ಷೆಯ ನಂತರ 1.6 ಕಿ.ಮೀ. ಓಟ, ಕಂಬಿಗೆ ಜೋತುಬಿದ್ದು ಗದ್ದ ಮೇಲೇರುವಂತೆ ಪೂರ್ಣ ಅಂಕಕ್ಕೆ 10 ಪುಲ್‌ಅಪ್, 9 ಅಡಿ ಕಂದಕದ ಜಿಗಿತ. ನಸುಕಿನಲ್ಲಿ ಏಳುವುದು, ಬಾಯಿಚಪಲ ಬಿಡುವುದು, ದೇಹವನ್ನು ದಂಡಿಸುವುದು ವ್ರತಧಾರಿಗೆ ಹೊಸದೇನಲ್ಲ. ಆದರೆ ಸಂಯಮವೊಂದೇ ಸಾಲದು. ದ್ವೇಷವನ್ನು ಸಾಕಿಕೊಂಡು ಓಡುವವನಲ್ಲಿ ಬಂದೂಕು ಕೈಗೆ ಬರುವ ಮೊದಲೇ ಹಿಂಸೆ ಶುರುವಾಗಿರುತ್ತದೆ. ಜೈನರು ಭಾವಹಿಂಸೆ ಎನ್ನುವುದು ಇದನ್ನೇ.

ನಿಜವಾದ ತೊಡಕು ಇನ್ನೊಂದಿದೆ. ಯಾವ ಕಾಳಗ ರಕ್ಷಣೆಯದು, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಸಿಪಾಯಿಗಿಲ್ಲ. ಆಜ್ಞೆ ಮೇಲಿನಿಂದ ಬರುತ್ತದೆ. ಆದ್ದರಿಂದ ಈ ವಿಚಾರಣೆಯನ್ನು ಅಭ್ಯರ್ಥಿ ಪ್ರಮಾಣವಚನಕ್ಕೆ ಮುಂಚೆಯೇ, ತಯಾರಿಯ ದಿನಗಳಲ್ಲೇ ಮುಗಿಸಿಕೊಳ್ಳಬೇಕಾಗುತ್ತದೆ.