ಓಷಧಿಪರ್ವತವೂ ಅಂಜನೇರಿಯ ಹುಲ್ಲುಗಾವಲೂ



ಹನುಮಂತದೇವರು ಓಷಧಿಪರ್ವತವನ್ನು ತಂದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಮೂಲಿಕೆಗಳು ಮರೆಯಾದಾಗ ಶಿಖರವನ್ನೇ ಕಿತ್ತು ತಂದರು. ಕಾರ್ಯ ಮುಗಿದ ಬಳಿಕ ಅದನ್ನು ಮರಳಿ ಹಿಮವತ್ಪರ್ವತಕ್ಕೆ ಒಯ್ದು ಇರಿಸಿದರೆಂದು ವಾಲ್ಮೀಕಿಗಳು ಯುದ್ಧಕಾಂಡದಲ್ಲಿ ಹೇಳಿರುವುದನ್ನು ಮಾತ್ರ ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಅಂಜನೇರಿ ಬೆಟ್ಟವಿದೆ. ಅದೇ ಹನುಮಂತದೇವರ ಜನ್ಮಸ್ಥಾನವೆಂದು ಇಲ್ಲಿಯವರ ನಂಬಿಕೆ. (ಆನೆಗೊಂದಿಯ ಅಂಜನಾದ್ರಿಗೆ ಕೈಮುಗಿದು ಬೆಳೆದ ನಾವು ಆ ವಾದಕ್ಕೆ ಇಳಿಯುವುದು ಬೇಡ.) ಆ ಬೆಟ್ಟದ ಹೆಸರನ್ನೇ ಹೊತ್ತ ಅಪರೂಪದ ಸಸ್ಯವೊಂದು ಅಲ್ಲಿನ ಹುಲ್ಲಿನಲ್ಲಿದೆ: ಸಿರೋಪಿಜಿಯಾ ಅಂಜನೇರಿಕಾ. ಇದರ ಕುಲದ ಹೂಗಳನ್ನು ಮರಾಠಿಯಲ್ಲಿ ಕಂದೀಲಪುಷ್ಪ ಎನ್ನುತ್ತಾರೆ. ಬೇಸಗೆಯಲ್ಲಿ ಗಿಡ ಒಣಗಿ ಗೆಡ್ಡೆ ಮಾತ್ರ ನೆಲದೊಳಗೆ ಉಳಿಯುತ್ತದೆ. ಮಳೆ ಬಿದ್ದೊಡನೆ ಚಿಗುರುತ್ತದೆ. ಹೂವಿನ ಕೊಳವೆಯನ್ನು ಹೊಕ್ಕ ಸಣ್ಣ ನೊಣವನ್ನು ಒಳಗಿನ ರೋಮಗಳು ತಡೆದು ನಿಲ್ಲಿಸುತ್ತವೆ. ಅವು ಬಾಡಿದ ಮೇಲೆ ಅದು ಪರಾಗವನ್ನು ಹೊತ್ತು ಹೊರಬರುತ್ತದೆ. ಶ್ರೀಹರಿಯ ಸೃಷ್ಟಿಕೌಶಲವನ್ನು ಏನೆಂದು ಬಣ್ಣಿಸುವುದು!

2017ರಲ್ಲಿ ಅಂಜನೇರಿಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸರಕಾರ ಘೋಷಿಸಿತು. ಆ ಮೇಲೆಯೂ ರಸ್ತೆಯ ಮಾತು, ರೋಪ್‌ವೇಯ ಮಾತು ಬಂದವು, ವಿರೋಧವೂ ಬಂದಿತು.

ಬೋಳುಬೆಟ್ಟವನ್ನು ಕಂಡರೆ ಸಸಿ ನೆಡುವುದೇ ಪುಣ್ಯವೆಂದು ಹಲವರು ಭಾವಿಸುತ್ತಾರೆ. ಹುಲ್ಲುಗಾವಲು ಬೋಳಲ್ಲ. ಬಿಸಿಲನ್ನೇ ನೆಚ್ಚಿದ ಹುಲ್ಲಿನ ಮೇಲೆ ದಟ್ಟನೆಯ ನೆರಳು ಬಿದ್ದರೆ ಅದರ ಆಶ್ರಯದಲ್ಲಿರುವ ಗೆಡ್ಡೆಗಳೂ ಸೊರಗುತ್ತವೆ. ಅಂತಹಲ್ಲಿ ನೆಟ್ಟ ಮರವೇ ಅಪಕಾರವಾದೀತು.

"ಜೀವನು ನಿತ್ಯನಲ್ಲವೇ, ಒಂದು ಗಿಡದ ಜಾತಿ ಅಳಿದರೇನು?" ಎಂದು ಕೆಲವರು ಕೇಳಬಹುದು. ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜೀವಜೀವಭೇದವೂ ಸತ್ಯವಾದುದು. ಸ್ಥಾವರದೇಹದಲ್ಲಿರುವವನೂ ಜೀವನೇ, ಅವನಲ್ಲಿಯೂ ಬಿಂಬರೂಪಿಯಾದ ಶ್ರೀಹರಿ ಇದ್ದಾನೆ. ಜೀವನಿಗೆ ನಾಶವಿಲ್ಲವೆಂಬ ಮಾತು ಅವನ ನೆಲೆಯನ್ನು ಕೆಡಿಸಲು ನಮಗಿತ್ತ ಅನುಮತಿಯಲ್ಲ. ಮನುಷ್ಯದೇಹದ ವಿಷಯದಲ್ಲಿ ಆ ವಾದವನ್ನು ಯಾರಾದರೂ ಒಪ್ಪುತ್ತಾರೆಯೇ?

ಸಂಭಾಜಿನಗರದ ಬಂಧುಗಳಿಗೂ ಇದು ದೂರದ ವಿಷಯವಲ್ಲ. ಅಂಜನೇರಿಯ ನೆರೆಯ ಬ್ರಹ್ಮಗಿರಿಯಲ್ಲಿ ಹುಟ್ಟಿದ ಗೋದಾವರಿಯು, 2019ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ನಾಂದೂರ್ ಮಧಮೇಶ್ವರದ ಜೌಗುಭೂಮಿಯನ್ನು ಹಾದು ಪೈಠಣದ ನಾಥಸಾಗರವನ್ನು ಸೇರುತ್ತಾಳೆ. ನಿಮ್ಮ ಮನೆಯ ದೇವರ ಅಭಿಷೇಕಕ್ಕೆ ಬರುವ ನಲ್ಲಿಯ ನೀರು ಅಲ್ಲಿಯದು.

2027ರ ಸಿಂಹಸ್ಥ ಸ್ನಾನಕ್ಕೆ ಬರುವವರಲ್ಲಿ ಅನೇಕರು ಅಂಜನೇರಿಯನ್ನೂ ಏರುವರು. ಕಾಲುದಾರಿ ಬಿಟ್ಟು ಹುಲ್ಲಿನಲ್ಲಿ ನಡೆಯಬೇಡಿರಿ. ಮನೆಯ ಕುಂಡಕ್ಕೆಂದು ಗೆಡ್ಡೆ ಅಗೆಯಬೇಡಿರಿ. ಸೇವೆಗೆ ಮನಸ್ಸುಳ್ಳ ಯುವಕರು ಅರಣ್ಯ ಇಲಾಖೆಯವರನ್ನು ಕೇಳಿ, ಹೊರಗಿನಿಂದ ಬಂದು ಹಬ್ಬಿದ ಕಳೆಯನ್ನು ಅವರು ತೋರಿಸಿದಲ್ಲಿ ಮಾತ್ರ ಕೀಳಬಹುದು. ಕಂದೀಲಪುಷ್ಪ ಅರಳುವುದು ಮಳೆಗಾಲದಲ್ಲಿ, ನಾವು ಶಾಕವ್ರತ ಹಿಡಿಯುವ ಚಾತುರ್ಮಾಸ್ಯದಲ್ಲಿಯೇ.

ಶ್ರೀಕೃಷ್ಣಾರ್ಪಣಮಸ್ತು