ಊಹೆಗೆ ಬಿಲ್ ಹಾಕೋದು

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಕೆಂಪೇಗೌಡರ ಸಮಾಧಿ ಪತ್ತೆಯಾಯ್ತಲ್ಲ, ಅದನ್ನು ನೋಡೋಕೆ ಹೊರಟಾಗ ಗೆಳೆಯನ ಕಾರು ಜರ್ಕ್ ಹೊಡೆಯತೊಡಗಿತು. ದಾರಿಯ ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದರೆ ಬಂದದ್ದು ಪಿ0301. ಒಂದನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್.

ಕೋಡ್ ಹೇಳೋದು ಅಷ್ಟೇ. ಕಾರಣ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಯಾವುದೂ ಇರಬಹುದು. ಮೆಕ್ಯಾನಿಕ್ ಒಂದನೇ ಮತ್ತು ಎರಡನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಓಡಿಸಿದರು. ಕಾಯಿಲ್ ಕೆಟ್ಟಿದ್ದರೆ ದೋಷ ಅದರ ಜೊತೆಗೇ ಹೋಗಿ ಪಿ0302 ಆಗಬೇಕು. ಆಗಲಿಲ್ಲ. ಪ್ಲಗ್ ಬಿಚ್ಚಿದರೆ ಪಿಂಗಾಣಿ ಸೀಳಿತ್ತು.

ಗೆಳೆಯ ಗೊಣಗಿದ್ದು ಲೇಬರ್ ಚಾರ್ಜಿಗೆ. "ಪ್ಲಗ್ಗಿಗಿಂತ ಇದೇ ಜಾಸ್ತಿ ಆಯ್ತಲ್ಲ ಗುರೂ!" ಹೊಸ ಕಾಯಿಲ್ ಹಾಕಿ ಹಳೇದನ್ನು ಕೈಗಿಟ್ಟಿದ್ದರೆ ಅದರ ಎಷ್ಟೋ ಪಟ್ಟು ತುಟಿಪಿಟಕ್ಕನ್ನದೆ ಕೊಡ್ತಿದ್ದ. ವಸ್ತುವಿಗೆ ದುಡ್ಡು ಕೊಡ್ತೀವಿ, ಪತ್ತೆ ಹಚ್ಚಿದ್ದಕ್ಕೆ ಚೌಕಾಸಿ ಮಾಡ್ತೀವಿ. (ನಮ್ಮ ಆಫೀಸಲ್ಲೂ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚಿದವನೇ ಜಾಣ.)

ಸರಿ, ಕಾಯಿಲ್ಲೇ ಕೆಟ್ಟಿದ್ದು, ಊಹೆ ನಿಜವಾಗಿದ್ದರೆ? ಗಿರಾಕಿಗೆ ನಷ್ಟವಿಲ್ಲ. ಆದರೂ ಅದು ಮೋಸ ಅನ್ನೋದು ನನ್ನ ವಾದ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಮಾರಿದ ಹಾಗೆ ಅದು. ಇಪ್ಪತ್ತು ವರ್ಷ ಪಳಗಿದ ಕೈಯ ಅಂದಾಜಿಗೂ ಬೆಲೆ ಇದೆ, ಒಪ್ಪಿದೆ. "ಅಂದಾಜು ಸಾರ್, ತಪ್ಪಿದ್ರೆ ಕಾಯಿಲ್ ವಾಪಸ್ ತಗೋತೀನಿ" ಅಂದುಬಿಟ್ಟರೆ ನನ್ನದೇನೂ ತಕರಾರಿಲ್ಲ.