ಬೀಜದ ಗೂಟ

ನಾಗರಬಾವಿಯ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಉಳಿಯುವ ಮಣ್ಣೆಷ್ಟು? ಕಾಂಪೌಂಡಿನ ಒಳಮಗ್ಗುಲಿಗೆ ಎರಡಡಿ ಅಗಲದ ಒಂದು ಪಟ್ಟಿ. ದಾಸವಾಳ, ಕರಿಬೇವು, ಒಂದು ಪರಂಗಿ ಗಿಡಕ್ಕೇ ಅದು ಭರ್ತಿ. ಅಲ್ಲಿ ಕಲ್ಲಂಗಡಿ ಬೀಜ ಊರುವುದು ಲೆಕ್ಕ ತಿಳಿದವರ ಕೆಲಸವಲ್ಲ. “ಶಿವರಾತ್ರಿ ಹೊತ್ತಿಗೆ ರಿಂಗ್ ರೋಡ್ ಪಕ್ಕ ರಾಶಿ ಸುರೀತಾರಲ್ಲ ಸಾರ್, ಇದ್ಯಾಕೆ?” ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಹಣ್ಣಿಗಾಗಿ ಅಲ್ಲ ಎಂದರೆ ನಂಬುವುದಿಲ್ಲ. ನನ್ನ ಮಟ್ಟಿಗೆ ಕಲ್ಲಂಗಡಿಯ ಬೆರಗೆಲ್ಲ ಮೊದಲ ವಾರದ್ದು, ಆಮೇಲಿನದು ಬೇಸಾಯ.

ಬೀಜಕ್ಕೆ ಬೆಚ್ಚನೆಯ ಮಣ್ಣು ಬೇಕು. ಸಂಕ್ರಾಂತಿಯ ಚಳಿಯಲ್ಲಿ ಊರಿದರೆ ಮುನಿಸಿಕೊಂಡು ಕೂರುತ್ತದೆ, ಎಷ್ಟೋ ಸಲ ಅಲ್ಲೇ ಕೊಳೆಯುತ್ತದೆ. ರಥಸಪ್ತಮಿ ಕಳೆದು ಬಿಸಿಲು ಬಲಿತು, ಮಣ್ಣಿನ ಶಾಖ 25 ಡಿಗ್ರಿ ದಾಟಿದರೆ ವಾರದೊಳಗೆ ಮೊಳಕೆ ಮೇಲೆ ಬರುತ್ತದೆ. ಒಂದು ಅಂಗುಲ ಆಳಕ್ಕೆ ಊರಿ, ಮೇಲಿನ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ತೇಲಿಸಿ ಊರಿದರೆ ಸಸಿ ಬೀಜದ ಸಿಪ್ಪೆಯನ್ನೇ ಟೋಪಿ ಮಾಡಿಕೊಂಡು ಹೊರಬರುತ್ತದೆ. ಎರಡು ಬೀಜದೆಲೆಗಳೂ ಅದರೊಳಗೆ ಸಿಕ್ಕಿಕೊಂಡು, ಬಿಚ್ಚಲಾಗದೆ ಒದ್ದಾಡುತ್ತವೆ.

ಸರಿಯಾದ ಆಳದಲ್ಲಿದ್ದರೆ ಆ ಟೋಪಿ ನೆಲದೊಳಗೇ ಉಳಿಯುತ್ತದೆ. ಹೇಗೆ? ಮಲಗಿರುವ ಬೀಜದ ಚೂಪು ತುದಿಯಿಂದ ಬೇರು ಹೊರಟು ಕೆಳಕ್ಕೆ ಬಾಗುತ್ತದೆ. ಬೇರು ಮುಗಿದು ಕಾಂಡ ಶುರುವಾಗುವ ಕಡೆ, ಬಾಗಿದ ಒಳಮಗ್ಗುಲಲ್ಲಿ, ಒಂದು ಪುಟ್ಟ ಗೂಟ ಮೂಡುತ್ತದೆ. ಅದು ಸಿಪ್ಪೆಯ ಕೆಳ ಹೋಳನ್ನು ಮೆಟ್ಟಿ ಹಿಡಿಯುತ್ತದೆ. ಅಷ್ಟರಲ್ಲಿ ಎಳೆಯ ಕಾಂಡ ಕಮಾನಾಗಿ ಉದ್ದವಾಗುತ್ತ ಎಲೆಗಳನ್ನು ಎಳೆದುಕೊಳ್ಳುತ್ತದೆ. ಬಿಗಿಯಾದ ಶೂವಿನ ಹಿಮ್ಮಡಿಯನ್ನು ಇನ್ನೊಂದು ಪಾದದಿಂದ ಒತ್ತಿಹಿಡಿದು ಕಾಲು ಕಿತ್ತುಕೊಳ್ಳುತ್ತೇವಲ್ಲ, ಥೇಟ್ ಹಾಗೆ. ಕುಂಬಳ, ಸೌತೆ, ಕಲ್ಲಂಗಡಿ ಎಲ್ಲ ಒಂದೇ ಬಳಗ. ಎಲ್ಲಕ್ಕೂ ಈ ವಿದ್ಯೆ ಬರುತ್ತದೆ. ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲಿ ಹೊರತಂದ ಸಸ್ಯಚಲನೆಯ ಪುಸ್ತಕದಲ್ಲಿ ಇದನ್ನು ಬಿಡಿಸಿ ಬರೆದಿದ್ದಾನೆ. ಎಪ್ಪತ್ತರ ಅಂಚಿನ ಮುದುಕ, ಜೀವವಿಕಾಸದ ವಾದವಿವಾದಗಳೆಲ್ಲ ಆಗಿಹೋದ ಮೇಲೆ, ಕುಂಬಳದ ಮೊಳಕೆಯ ಮುಂದೆ ಕೂತದ್ದು ನನಗೆ ಬಹಳ ಹಿತವೆನಿಸುವ ಸಂಗತಿ.

ಗೂಟ ಯಾವಾಗಲೂ ಕೆಳಮಗ್ಗುಲಲ್ಲೇ ಏಕೆ? ಬೀಜ ಚಪ್ಪಟೆ, ಯಾವ ಮಗ್ಗುಲಿಗಾದರೂ ಬೀಳಬಹುದು. ಮಗುಚಿ ಇಟ್ಟರೂ ಗೂಟ ಮಾತ್ರ ನೆಲದ ಕಡೆಗೇ. 1998ರ ಅಕ್ಟೋಬರಿನಲ್ಲಿ, 77 ವರ್ಷದ ಜಾನ್ ಗ್ಲೆನ್ ಮತ್ತೆ ಬಾಹ್ಯಾಕಾಶಕ್ಕೆ ಹೋದ ಡಿಸ್ಕವರಿ ನೌಕೆಯಲ್ಲೇ ಜಪಾನೀ ವಿಜ್ಞಾನಿಗಳು ಸೌತೆ ಬೀಜಗಳನ್ನೂ ಕಳಿಸಿದ್ದರು. ತೂಕವೇ ಇಲ್ಲದ ಆ ಲೋಕದಲ್ಲಿ ಗೂಟ ಬರಲಿಕ್ಕಿಲ್ಲ ಎಂದು ಯಾರಾದರೂ ಎಣಿಸಬಹುದಿತ್ತು. ಬಂತು, ಎರಡೂ ಮಗ್ಗುಲಲ್ಲಿ ಬಂತು. ಅಂದರೆ ಪ್ರತಿ ಬೀಜಕ್ಕೂ ಎರಡು ಗೂಟದ ಶಕ್ತಿ ಹುಟ್ಟಾ ಇದೆ. ಮೇಲಿನದು ಬೇಡ ಎಂದು ತಡೆಯುವುದು ಭೂಮಿಯ ಸೆಳೆತ.

ಇದನ್ನು ಓದಿದಂದಿನಿಂದ ನೀರು ಹಾಕುವಾಗ ತಲೆಯಲ್ಲಿ ಬೇರೆಯೇ ಯೋಚನೆ. ಗುರುತ್ವ ಎಂದರೆ ನಮಗೆ ಬೀಳುವ ತೆಂಗಿನಕಾಯಿ, ಮೊಣಕಾಲು ನೋವು. ಕತ್ತಲಲ್ಲಿ ಹುದುಗಿರುವ ಬೀಜಕ್ಕೆ ಅದು ಸಿಗುವ ಮೊದಲ ಸುದ್ದಿ. ಬೆಳಕಿಗಿಂತ ಮೊದಲು ತಲುಪುವ ಸುದ್ದಿ. ಅದನ್ನು ಕೇಳಿಸಿಕೊಂಡು ಬೀಜ ತನ್ನಲ್ಲಿರುವ ಒಂದನ್ನು ಕೈಬಿಡುತ್ತದೆ. ಸೂರ್ಯನ ಸುತ್ತ ತಿರುಗುವ ಇಷ್ಟು ದೊಡ್ಡ ಗೋಲ, ನಮ್ಮ ಕಾಂಪೌಂಡಿನಲ್ಲಿ ಸಾಸಿವೆಯಷ್ಟೂ ಇಲ್ಲದ ಗೂಟ ಯಾವ ಕಡೆ ಇರಬೇಕೆಂದು ತೀರ್ಮಾನಿಸುತ್ತಿದೆ.

ಆಮೇಲೆ ಬಳ್ಳಿ ಹಬ್ಬುತ್ತದೆ, ಸ್ಕೂಟರ್ ನಿಲ್ಲಿಸುವ ಜಾಗ ಆಕ್ರಮಿಸುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಮೊದಲು ಬರೀ ಗಂಡು ಹೂ. ಹೆಣ್ಣು ಹೂ ತಡವಾಗಿ ಬರುತ್ತದೆ, ದಳದ ಕೆಳಗೆ ರೋಮವಿರುವ ಪುಟಾಣಿ ಹೀಚು ಹೊತ್ತುಕೊಂಡೇ. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿದರೆ ಮುಗಿಯಿತು, ಮತ್ತೆ ತೆರೆಯುವುದಿಲ್ಲ. ಅಂಟು ಪರಾಗ, ಗಾಳಿಗೆ ಹಾರದು, ಜೇನುನೊಣವೇ ಬರಬೇಕು. ಜ್ಞಾನಭಾರತಿಯ ಮರಗಳ ಕಡೆಯಿಂದಲೋ ಏನೋ, ಬರುತ್ತವೆ.

ನಮ್ಮ ಊರಿನ ಉತ್ತರಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಮಾಣಿಕ್‌ನಂಥ ಸಿಹಿ ತಳಿಗಳ ಜೊತೆಗೆ ಅರ್ಕಾ ಮಧುರ ಎಂಬ ಬೀಜರಹಿತ ಕಲ್ಲಂಗಡಿಯನ್ನೂ ಕೊಟ್ಟಿದ್ದಾರೆ. ಈ ಉಪಾಯ ಜಪಾನಿನ ಹಿತೋಶಿ ಕಿಹಾರ ಮತ್ತು ಸಂಗಡಿಗರದು, 1951ರಲ್ಲಿ ಪ್ರಕಟವಾದದ್ದು: 44 ವರ್ಣತಂತುಗಳ ತಾಯಿಗೆ 22ರ ತಂದೆಯ ಪರಾಗ ಸೇರಿಸಿದರೆ ಹುಟ್ಟುವ ಮಗುವಿಗೆ 33. ಅದು ಸರಿಯಾಗಿ ಜೋಡಿಯಾಗಲಾರದು, ಹಾಗಾಗಿ ಬೀಜ ಕಟ್ಟುವುದಿಲ್ಲ. ತಿನ್ನುವವರಿಗೆ ಸುಖ. ಆದರೆ ಆ 33ರ ಬೀಜ ಮೊಳೆಸುವವರನ್ನು ಕೇಳಬೇಕು. ಸಿಪ್ಪೆ ದಪ್ಪ, ಒಳಗಿನ ಜೀವ ಬಡಕಲು. ಟೋಪಿ ಕಳಚುವುದೇ ಇಲ್ಲ. ಚೂಪು ತುದಿ ಮೇಲಕ್ಕಿಟ್ಟು ಊರಿ ಎನ್ನುತ್ತಾರೆ, ಆಗ ಸಿಪ್ಪೆ ಅಂಟುವುದು ಕಡಿಮೆಯಂತೆ. ಅಷ್ಟಾದರೂ ಟ್ರೇ ತುಂಬ ಟೋಪಿಯ ಸಸಿಗಳು ಎದ್ದರೆ, ಗೂಟ ಮಾಡಬೇಕಿದ್ದ ಕೆಲಸವನ್ನು ನರ್ಸರಿಯವರು ಒಂದೊಂದಾಗಿ, ನೀರು ಚಿಮುಕಿಸಿ, ಬೆರಳಲ್ಲಿ ಮಾಡುತ್ತಾರೆ.